ವಿಮಾನವೋ ಮಿಂಚೋ: ಪೆರ್ಲದ ಓದುಗರಿಗೆ ಉತ್ತರ

ಮಾನ್ಯರೇ, ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ಜೊತೆಗಿಟ್ಟಿದ್ದ ವಾಟ್ಸಾಪ್ ಸಂದೇಶದ ಪ್ರಿಂಟೂ ಸಿಕ್ಕಿತು. ಉತ್ತರವನ್ನು ನಿಮಗೊಬ್ಬರಿಗೇ ಅಂಚೆಯಲ್ಲಿ ಕಳಿಸುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಇದೇ ಅನುಮಾನ ಇನ್ನೂ ಕೆಲವರಿಗೆ ಇದೆ.

ಕಾಗದ ಪೂರ್ತಿ ಹಾಕಲು ಜಾಗವಿಲ್ಲ. ಸಾರ ಇಷ್ಟು. ಕಾಸರಗೋಡಿನ ಪೆರ್ಲದ ಹತ್ತಿರ ನಿಮ್ಮ ಅಡಿಕೆ ತೋಟ. ಮೊದಲು ಮಂಗಳೂರಿನ ವಿಮಾನಗಳ ಸದ್ದು ಮಾತ್ರ ಕೇಳುತ್ತಿತ್ತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣ ಶುರುವಾದ ಮೇಲೆ ಸದ್ದು ಜಾಸ್ತಿ ಆಗಿದೆ. ವಿಮಾನದ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡ್ ಅನಿಲದಿಂದ ಓಜೋನ್ ಪದರ ತೂತಾಗುತ್ತಿದೆ, ತೋಟ ಹಳದಿಯಾಗುವುದಕ್ಕೂ ಅದೇ ಕಾರಣ ಇರಬಹುದು ಅಂತ ನಿಮ್ಮ ಗುಮಾನಿ. ಶಾರ್ಜಾದಲ್ಲಿರುವ ನಿಮ್ಮ ತಂಗಿಯ ಮಗ ಬಿಸುವಿಗೆ ಊರಿಗೆ ಬಂದಿದ್ದಾಗ ಈ ಮಾತು ಬಂತು. "ಮಾವ, ಅದೇ ಅನಿಲವನ್ನು ವಿಮಾನಕ್ಕಿಂತ ಮೂರು ನಾಲ್ಕು ಪಟ್ಟು ಜಾಸ್ತಿ ಮಿಂಚೇ ಹುಟ್ಟಿಸುತ್ತದೆ. ಸುಮ್ನೆ ವಿಮಾನಕ್ಕೆ ಬೈಬೇಡಿ" ಅಂದರಂತೆ. ಅದಕ್ಕೆ ಸಾಕ್ಷಿಯಾಗಿ ಕಳಿಸಿದ್ದೇ ಆ ಸಂದೇಶ. ಇದರ ಮೇಲೆ ನಿಮ್ಮ ತಂದೆಯವರ ಮಾತು ಬೇರೆ ಇದೆ: ಗುಡುಗಿ ಬಂದ ಮಳೆ ತೋಟಕ್ಕೆ ಗೊಬ್ಬರ. ಹಾಗಾದರೆ ಒಂದೇ ಅನಿಲ ಗೊಬ್ಬರವೂ ವಿಷವೂ ಆಗುವುದು ಹೇಗೆ, ನೀವೇ ತೀರ್ಪು ಹೇಳಿ ಅಂದಿದ್ದೀರಿ.

ಅಳಿಯನ ಲೆಕ್ಕ ಸರಿ. ಅದರಿಂದ ಅವರು ತೆಗೆದ ತೀರ್ಮಾನ ಸರಿಯಿಲ್ಲ. ನಿಮ್ಮ ತಂದೆಯವರ ಮಾತು ನಿಜ, ಆದರೆ ಪ್ರಮಾಣ ತೀರಾ ಸಣ್ಣದು. ಇನ್ನು ನಿಮ್ಮ ಗುಮಾನಿ. ಅದರಲ್ಲಿ ಅರ್ಧ ತಪ್ಪು, ಅರ್ಧಕ್ಕೆ ದೊಡ್ಡ ಚರಿತ್ರೆಯೇ ಇದೆ. ಒಂದೊಂದಾಗಿ ಹೇಳುತ್ತೇನೆ.

ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ, ಉಳಿದದ್ದು ಹೆಚ್ಚಾಗಿ ಆಮ್ಲಜನಕ. ಎರಡೂ ಅಕ್ಕಪಕ್ಕದಲ್ಲೇ ಇದ್ದರೂ ಸುಮ್ನೆ ಕೂಡಿಕೊಳ್ಳುವುದಿಲ್ಲ. ಸಾರಜನಕದ ಎರಡು ಪರಮಾಣುಗಳ ಕಟ್ಟು ಅಷ್ಟು ಬಿಗಿ. ಅದನ್ನು ಬಿಡಿಸಲು ವಿಪರೀತ ಬಿಸಿ ಬೇಕು, ಹೆಚ್ಚುಕಡಿಮೆ 1,500 ಡಿಗ್ರಿ ಸೆಲ್ಸಿಯಸ್ ಮೀರಬೇಕು. ಮಿಂಚಿನ ದಾರಿಯಲ್ಲಿ ಗಾಳಿ 30,000 ಡಿಗ್ರಿಯ ಹತ್ತಿರ ಹೋಗುತ್ತದೆ. ವಿಮಾನದ ಎಂಜಿನ್ನಿನಲ್ಲಿ ಇಂಧನ ಉರಿಯುವ ಕೋಣೆಯೊಳಗೆ 2,000 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ. ಲಾರಿಯ ಡೀಸೆಲ್ ಎಂಜಿನ್ನಿನಲ್ಲೂ ಅದೇ ಕಥೆ. ಹಾಗೆ ಹುಟ್ಟುವುದು ನೈಟ್ರಿಕ್ ಆಕ್ಸೈಡ್. ಅದು ಸ್ವಲ್ಪ ಹೊತ್ತಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಬಿಸಿಲಿಗೆ ಮತ್ತೆ ಹಿಂದಿನ ರೂಪಕ್ಕೆ ಬರುತ್ತದೆ. ಎರಡನ್ನೂ ಸೇರಿಸಿ ವಿಜ್ಞಾನಿಗಳು ನಾಕ್ಸ್ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಬೆಂಕಿಯಿಲ್ಲದೆಯೂ ನಾಕ್ಸ್ ಹುಟ್ಟುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಸ್ವಲ್ಪ ಸೋರಿಹೋಗುತ್ತದೆ. ಬೇಸಗೆಯಲ್ಲಿ ಒಣಗಿ ಬಿರುಕುಬಿಟ್ಟ ನೆಲಕ್ಕೆ ಮೊದಲ ಮಳೆ ಬಿದ್ದಾಗ ಇದು ಒಮ್ಮೆಲೇ ಜೋರಾಗುತ್ತದೆ. ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿದ್ದರೂ ನಾಕ್ಸ್, ನೀವು ಸೊಪ್ಪು ಸದೆ ಗುಡ್ಡೆ ಹಾಕಿ ಸುಡುಮಣ್ಣು ಮಾಡಿದರೂ ನಾಕ್ಸ್.

ಈಗ ಅಳಿಯನ ಲೆಕ್ಕಕ್ಕೆ ಬರೋಣ. ಉಪಗ್ರಹದಿಂದ ನೋಡಿ ಎಣಿಸಿದ ಪ್ರಕಾರ ಜಗತ್ತಿನಲ್ಲಿ ಸೆಕೆಂಡಿಗೆ ಸುಮಾರು 44 ಮಿಂಚು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಭೂಮಧ್ಯರೇಖೆಯ ಎರಡೂ ಕಡೆ 30 ಡಿಗ್ರಿಯೊಳಗೆ, ಅಂದರೆ ನಮ್ಮಂಥ ಬಿಸಿ ನಾಡುಗಳಲ್ಲೇ. ಒಂದು ಮಿಂಚಿಗೆ ಸರಾಸರಿ ಮೂರೂವರೆ ಕಿಲೋ ಸಾರಜನಕ ನಾಕ್ಸ್ ಆಗುತ್ತದೆ ಅಂತ ಹಿಡಿದರೆ ವರ್ಷಕ್ಕೆ 50 ಲಕ್ಷ ಟನ್ ಆಯಿತು. ಇದು ಅಂದಾಜು. ಪರಿಣತರು 20 ಲಕ್ಷದಿಂದ 80 ಲಕ್ಷ ಟನ್ ಅಂತ ವ್ಯಾಪ್ತಿ ಕೊಡುತ್ತಾರೆ. ಜಗತ್ತಿನ ವಿಮಾನಗಳೆಲ್ಲ ಸೇರಿ ಕೊರೋನಾಕ್ಕೆ ಮುಂಚಿನ ವರ್ಷಗಳಲ್ಲಿ 10ರಿಂದ 15 ಲಕ್ಷ ಟನ್ ಸಾರಜನಕವನ್ನು ನಾಕ್ಸ್ ರೂಪದಲ್ಲಿ ಬಿಡುತ್ತಿದ್ದವು. ಕಾರು, ಲಾರಿ, ಹಡಗು, ವಿದ್ಯುತ್ ಸ್ಥಾವರ, ಕಾರ್ಖಾನೆಗಳದ್ದು ಇವೆರಡನ್ನೂ ಮೀರಿಸಿ ಎರಡೂವರೆ ಕೋಟಿ ಟನ್ನಿನ ಆಸುಪಾಸು.

ಅಳಿಯನ ಪ್ರಯಾಣದ್ದೇ ಲೆಕ್ಕ ಹಾಕಿ ನೋಡಿದೆ. ಗಲ್ಫಿಗೆ ಹೋಗುವಂಥ ಮಧ್ಯಮ ಗಾತ್ರದ ವಿಮಾನ ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ. ಒಂದು ಕಿಲೋ ಇಂಧನಕ್ಕೆ 10ರಿಂದ 15 ಗ್ರಾಂ ನಾಕ್ಸ್. ಸಾರಜನಕದ ಲೆಕ್ಕದಲ್ಲಿ ಗಂಟೆಗೆ ಒಂಬತ್ತು ಹತ್ತು ಕಿಲೋ, ಅಂದರೆ ಮೂರು ಮಿಂಚಿನಷ್ಟು. ಅವರು ಶಾರ್ಜಾ ಮುಟ್ಟುವ ಹೊತ್ತಿಗೆ ಅವರ ವಿಮಾನ ಹತ್ತು ಮಿಂಚಿನಷ್ಟು ನಾಕ್ಸ್ ಬಿಟ್ಟಿರುತ್ತದೆ. ತುಲಾ ತಿಂಗಳ ಒಂದು ಸಂಜೆ ನಿಮ್ಮ ಜಗಲಿಯಲ್ಲಿ ಕೂತು ನೋಡಿದರೆ ಕಾಲು ಗಂಟೆಯಲ್ಲಿ ಅದಕ್ಕಿಂತ ಜಾಸ್ತಿ ಮಿಂಚು ಎಣಿಸಬಹುದು, ಅಲ್ವಾ? ಹಾಗಾಗಿ ಅಳಿಯ ಸುಳ್ಳು ಹೇಳಿಲ್ಲ.

ಆದರೆ ಟನ್ನಿನಲ್ಲಿ ಮಾತ್ರ ಅಳೆದರೆ ನಾಕ್ಸ್ ಅರ್ಥವಾಗುವುದಿಲ್ಲ. ಅದು ಯಾವ ಎತ್ತರದಲ್ಲಿ ಬಿಡುಗಡೆ ಆಯಿತು ಅನ್ನುವುದನ್ನೂ ನೋಡಬೇಕು. ವಾಟ್ಸಾಪ್ ಸಂದೇಶ ಬರೆದವರು ಬಿಟ್ಟದ್ದು ಇದನ್ನೇ.

ನೆಲದಿಂದ ಶುರುಮಾಡೋಣ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡುವ ಲಾರಿ ಬಿಟ್ಟ ನಾಕ್ಸ್ ಹೆಚ್ಚು ಕಾಲ ಬಾಳುವುದಿಲ್ಲ. ಕೆಲವು ಗಂಟೆ, ಬಹಳವೆಂದರೆ ಒಂದು ದಿನ. ಅಷ್ಟರಲ್ಲಿ ನೈಟ್ರಿಕ್ ಆಮ್ಲವಾಗಿ ಎಲೆಗೋ ನೆಲಕ್ಕೋ ಅಂಟುತ್ತದೆ, ಇಲ್ಲವೇ ಮಳೆಯಲ್ಲಿ ತೊಳೆದುಹೋಗುತ್ತದೆ. ಆದರೆ ಬದುಕಿದ್ದಷ್ಟು ಹೊತ್ತು ಅದು ಓಜೋನ್ ಮಾಡಬಲ್ಲದು. ನೈಟ್ರೋಜನ್ ಡೈಆಕ್ಸೈಡ್ ಮೇಲೆ ಬಿಸಿಲು ಬಿದ್ದರೆ ಒಂದು ಆಮ್ಲಜನಕ ಪರಮಾಣು ಕಳಚಿಕೊಳ್ಳುತ್ತದೆ. ಆ ಒಂಟಿ ಪರಮಾಣು ಹತ್ತಿರದ ಆಮ್ಲಜನಕದ ಜೋಡಿಗೆ ಸೇರಿದರೆ ಓಜೋನ್. ಉಳಿದ ನೈಟ್ರಿಕ್ ಆಕ್ಸೈಡ್ ಅದೇ ಓಜೋನನ್ನು ಒಡೆದು ಮತ್ತೆ ಡೈಆಕ್ಸೈಡ್ ಆಗಬಲ್ಲದು. ಹಾಗಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಂಗಾಲದ ಮೊನಾಕ್ಸೈಡ್, ಮೀಥೇನ್, ಪೆಟ್ರೋಲಿನ ಆವಿ, ಕಾಡಿನ ಮರಗಳು ಬಿಡುವ ಐಸೋಪ್ರೀನ್ ಇವೆಲ್ಲ ಗಾಳಿಯಲ್ಲಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ನೈಟ್ರಿಕ್ ಆಕ್ಸೈಡಿಗೆ ಡೈಆಕ್ಸೈಡ್ ಆಗಲು ಓಜೋನಿನ ಹಂಗು ಬೇಡ. ಹುಟ್ಟಿದ ಓಜೋನ್ ಉಳಿದುಕೊಳ್ಳುತ್ತದೆ.

ಇದೆಲ್ಲ ಬಿಸಿಲಿನ ಕೆಲಸ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಸಾಕ್ಷಿ ಇದೆ. 2010ರ ಜನವರಿ 15ರಂದು ಸೂರ್ಯಗ್ರಹಣ ಇತ್ತು. ಕಣ್ಣೂರಿನಲ್ಲಿ ಸಂಶೋಧಕರು ನೆಲಮಟ್ಟದ ಓಜೋನನ್ನು ಅಳೆಯುತ್ತಾ ಕೂತಿದ್ದರು. ಮಧ್ಯಾಹ್ನ ಓಜೋನ್ ಏರಬೇಕಾದ ಹೊತ್ತು. ಸೂರ್ಯ ಮುಚ್ಚುತ್ತಾ ಬಂದಂತೆ ಅದು ಇಳಿಯಿತು, ನೈಟ್ರೋಜನ್ ಡೈಆಕ್ಸೈಡ್ ಏರಿತು. ಒಡೆಯಲು ಬೆಳಕಿಲ್ಲ, ಹಾಗಾಗಿ ಅದು ಹಾಗೇ ಉಳಿಯಿತು. 2019ರ ಡಿಸೆಂಬರ್ 26ರಂದು ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ನೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರಲ್ಲ, ನೀವೂ ಹೋಗಿದ್ದಿರೋ ಏನೋ. ನಾವೆಲ್ಲ ಕನ್ನಡಕ ಹಾಕಿ ಮೇಲೆ ನೋಡುತ್ತಿದ್ದಾಗ ನಮ್ಮ ಮೂಗಿನ ಮುಂದಿನ ಗಾಳಿಯಲ್ಲೂ ಇಂಥದೇ ಸಮಾಚಾರ. ಕಣ್ಣೂರಿನ ಅದೇ ಅಳತೆಗಳ ಪ್ರಕಾರ ನಮ್ಮ ಕರಾವಳಿಯಲ್ಲಿ ನೆಲದ ಓಜೋನ್ ಚಳಿಗಾಲದ ಒಣ ದಿನಗಳಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಮ್ಮಿ. ಈ ಓಜೋನ್ ಶ್ವಾಸಕ್ಕೆ ಒಳ್ಳೆಯದಲ್ಲ, ಬೆಳೆಗೂ ಅಲ್ಲ. ಎಲೆಯ ರಂಧ್ರಗಳಲ್ಲಿ ಹೊಕ್ಕು ಒಳಗನ್ನು ಸುಡುತ್ತದೆ. ಗೋಧಿ, ಸೋಯಾ, ಹುರುಳಿಕಾಯಿಗಳಿಗೆ ಇದರ ಪೆಟ್ಟು ಜಾಸ್ತಿ.

ಈಗ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಹೋಗೋಣ. ದೂರ ಹೋಗುವ ವಿಮಾನಗಳು ತಮ್ಮ ನಾಕ್ಸಿನ ಬಹುಪಾಲನ್ನು ಬಿಡುವುದು ಅಲ್ಲೇ. ಅಲ್ಲಿ ಗಾಳಿ ತೆಳು, ಚಳಿ, ಸ್ವಚ್ಛ. ನಾಕ್ಸನ್ನು ತೊಳೆದುಹಾಕಲು ಮಳೆಯಿಲ್ಲ, ಅಂಟಿಕೊಳ್ಳಲು ಎಲೆಯಿಲ್ಲ. ಗಂಟೆಗಟ್ಟಲೆ ಬದುಕುತ್ತಿದ್ದದ್ದು ಅಲ್ಲಿ ವಾರದವರೆಗೂ ಬದುಕುತ್ತದೆ. ಆ ಇಡೀ ಹೊತ್ತು ಓಜೋನ್ ಮಾಡುತ್ತಲೇ ಇರುತ್ತದೆ. ಹಾಗಾಗಿ ಒಂದು ಕಿಲೋ ನಾಕ್ಸ್ ನೆಲದಲ್ಲಿ ಮಾಡುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಓಜೋನನ್ನು ಅಲ್ಲಿ ಮಾಡುತ್ತದೆ. ಆ ಎತ್ತರದ ಓಜೋನಿಗೆ ಭೂಮಿಯ ಕಾವನ್ನು ಹಿಡಿದಿಡುವ ಶಕ್ತಿಯೂ ಜಾಸ್ತಿ. ಇಲ್ಲಿ ವಿಮಾನದ ಸಣ್ಣ ಪಾಲು ಸಣ್ಣದಾಗಿ ಉಳಿಯುವುದಿಲ್ಲ. ಯುರೋಪ್, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್ ಮೇಲೆ ವಿಮಾನಗಳ ದಟ್ಟಣೆ ಇದೆ, ಮಿಂಚು ಕಮ್ಮಿ. ಅಲ್ಲಿನ ಮೇಲಿನ ಗಾಳಿಯಲ್ಲಿ ವಿಮಾನದ ನಾಕ್ಸ್ ದೊಡ್ಡ ಪಾಲುದಾರ. ನಮ್ಮ ಕಡೆ ಕಥೆ ಉಲ್ಟಾ. ಗುಡುಗಿನ ಮೋಡಗಳು ಹದಿನೈದು ಕಿಲೋಮೀಟರ್ ದಾಟಿ ಏರುತ್ತವೆ, ಮಿಂಚು ಹುಟ್ಟಿಸಿದ ನಾಕ್ಸನ್ನು ಹೊತ್ತು ನೇರ ಮೇಲಕ್ಕೆ ಸುರಿಯುತ್ತವೆ. ಪೆರ್ಲದ ಆಕಾಶದಲ್ಲಿ ಹನ್ನೆರಡು ಕಿಲೋಮೀಟರ್ ಮೇಲೆ ಮಿಂಚಿನದ್ದೇ ಕಾರುಬಾರು. ಅಳಿಯನ ಮಾತು ನಿಮ್ಮ ಅಂಗಳದ ಮಟ್ಟಿಗೆ ನಿಜ. ಲಂಡನ್ನಿನವರ ಅಂಗಳಕ್ಕೆ ಅದು ಹಾಗೇ ಹೊಂದುವುದಿಲ್ಲ.

ಇನ್ನೊಂದು ವಿಷಯ. ಮಿಂಚು ನಾವಿಲ್ಲದಾಗಲೂ ಇತ್ತು. ಅದರ ಓಜೋನ್ ಸೇರಿಯೇ ಭೂಮಿಯ ಹವೆ ಒಂದು ಹದಕ್ಕೆ ಬಂದಿದ್ದು. ವಿಮಾನದ್ದು ಅದರ ಮೇಲೆ ನಾವು ಸೇರಿಸಿದ್ದು. "ಪ್ರಕೃತಿಯೇ ಇಷ್ಟು ಮಾಡುತ್ತದೆ, ನಮ್ಮದೇನು ಮಹಾ" ಅನ್ನುವ ವಾದ ನನಗಂತೂ ಒಪ್ಪಿಗೆಯಿಲ್ಲ. ಹಾಗಂತ ನಾಕ್ಸಿನ ಪಾಪವೆಲ್ಲ ಒಂದೇ ಕಡೆ ವಾಲುವುದೂ ಇಲ್ಲ. ಅದೇ ನಾಕ್ಸಿನಿಂದ ಗಾಳಿಯಲ್ಲಿ ಹೈಡ್ರಾಕ್ಸಿಲ್ ಅನ್ನುವ ಕಣ ಜಾಸ್ತಿಯಾಗಿ ಮೀಥೇನ್ ಬೇಗ ಕರಗುತ್ತದೆ. ಮೀಥೇನ್ ಕಮ್ಮಿಯಾದರೆ ತಂಪು. ಓಜೋನಿನ ಬಿಸಿ, ಮೀಥೇನಿನ ತಂಪು ಎರಡನ್ನೂ ಕೂಡಿ ಕಳೆದರೆ ಕೊನೆಗೆ ಸ್ವಲ್ಪ ಬಿಸಿಯೇ ಉಳಿಯುತ್ತದೆ ಅನ್ನುವುದು ಈಗಿನ ಅಂದಾಜು. ವಿಮಾನಯಾನದ ಒಟ್ಟು ಪಾಲು ಮನುಷ್ಯರು ಮಾಡಿದ ತಾಪದಲ್ಲಿ ನೂರಕ್ಕೆ ಮೂರೂವರೆಯಷ್ಟು. ಅದರಲ್ಲಿ ಇಂಗಾಲದ ಡೈಆಕ್ಸೈಡಿನದ್ದು ಮೂರನೇ ಒಂದು ಪಾಲು ಮಾತ್ರ. ಉಳಿದದ್ದರಲ್ಲಿ ದೊಡ್ಡದು ವಿಮಾನದ ಹಿಂದೆ ಕಾಣುವ ಬಿಳಿ ಗೆರೆಗಳದ್ದು, ಆಮೇಲೆ ನಾಕ್ಸಿನದ್ದು.

ಎಂಜಿನ್ ಮಾಡುವವರ ಪಾಡೂ ಸುಲಭದ್ದಲ್ಲ. ಇಂಧನ ಉಳಿಸಬೇಕು ಅಂದರೆ ಒಳಗಿನ ಒತ್ತಡ, ಬಿಸಿ ಏರಿಸಬೇಕು. ಬಿಸಿ ಏರಿದರೆ ನಾಕ್ಸ್ ಏರುತ್ತದೆ. ಮೈಲೇಜು ಕೊಡುವ ಎಂಜಿನ್ನೇ ನಾಕ್ಸಿನ ವಿಷಯದಲ್ಲಿ ತಂಟೆ ಮಾಡುತ್ತದೆ.

ಇನ್ನು ನಿಮ್ಮ ಓಜೋನ್ ಪದರದ ತೂತು. ವಾತಾವರಣದ ಓಜೋನಿನಲ್ಲಿ ನೂರಕ್ಕೆ ತೊಂಬತ್ತು ಇರುವುದು ಹದಿನೈದರಿಂದ ಮೂವತ್ತೈದು ಕಿಲೋಮೀಟರ್ ಎತ್ತರದ ಆ ಪದರದಲ್ಲಿ. ನಮ್ಮಲ್ಲಿ ಅದು ಶುರುವಾಗುವುದೇ ಹದಿನಾರು ಹದಿನೇಳು ಕಿಲೋಮೀಟರ್ ಮೇಲೆ. ಕಣ್ಣೂರಿನಿಂದ ಹೊರಟ ವಿಮಾನ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ನಿಮ್ಮ ಭಯ ಆಕಾಶದಿಂದ ಉದುರಿದ್ದಲ್ಲ. 1970ರ ಸುಮಾರಿಗೆ ಜಗತ್ತೇ ಇದೇ ಭಯದಲ್ಲಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳನ್ನು ನೂರುಗಟ್ಟಲೆ ಮಾಡುವ ಯೋಚನೆ ನಡೆದಿತ್ತು. ಅವು ಹಾರುವುದು ಹದಿನಾರರಿಂದ ಇಪ್ಪತ್ತು ಕಿಲೋಮೀಟರಿನಲ್ಲಿ, ಪದರದ ಒಳಗೇ. ಅಲ್ಲಿ ನಾಕ್ಸಿನ ಗುಣವೇ ಬೇರೆ. ನೈಟ್ರಿಕ್ ಆಕ್ಸೈಡ್ ಓಜೋನಿನಿಂದ ಒಂದು ಆಮ್ಲಜನಕ ಕಿತ್ತುಕೊಂಡು ಡೈಆಕ್ಸೈಡ್ ಆಗುತ್ತದೆ. ಅದನ್ನು ಅಲ್ಲಿ ಧಾರಾಳವಾಗಿರುವ ಒಂಟಿ ಆಮ್ಲಜನಕಕ್ಕೆ ದಾಟಿಸಿ ಮೊದಲಿನಂತೆ ಖಾಲಿಯಾಗುತ್ತದೆ, ಮುಂದಿನ ಓಜೋನಿನ ಬಾಗಿಲಿಗೆ ಹೋಗುತ್ತದೆ. ಅಡಿಕೆ ದಲ್ಲಾಳಿಯನ್ನು ನೆನಪು ಮಾಡಿಕೊಳ್ಳಿ. ಅವನ ಸ್ವಂತದ್ದು ಒಂದು ಅಡಿಕೆಯೂ ಕರಗುವುದಿಲ್ಲ, ಒಂದು ಜಗಲಿಯ ವ್ಯವಹಾರ ಮುಗಿಸಿ ಪಕ್ಕದ ಮನೆಗೆ ಹೊರಡುತ್ತಾನೆ. ಹೀಗೆ ಒಂದು ಕಣ ಸಾವಿರಾರು ಓಜೋನನ್ನು ಮುಗಿಸಬಲ್ಲದು.

1971ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಹೆರಾಲ್ಡ್ ಜಾನ್ಸ್ಟನ್ ಇದನ್ನು ಲೆಕ್ಕ ಹಾಕಿ ಎಚ್ಚರಿಸಿದರು. ಅದೇ ವರ್ಷ ಅಮೆರಿಕದ ಸಂಸತ್ತು ತಮ್ಮ ಅಂಥ ವಿಮಾನಕ್ಕೆ ದುಡ್ಡು ನಿಲ್ಲಿಸಿತು. ಖರ್ಚು, ಸದ್ದಿನ ತಕರಾರು ಅದಕ್ಕೆ ಮುಖ್ಯ ಕಾರಣ. ಕೊನೆಗೆ ಕಾಂಕಾರ್ಡ್ ಮಾತ್ರ ದೊಡ್ಡ ಹೆಸರು ಮಾಡಿತು, 1976ರಿಂದ 2003ರವರೆಗೆ ಹಾರಿತು. ಮಾಡಿದ್ದೇ ಇಪ್ಪತ್ತು. ಹಾಗಾಗಿ ಪದರಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಅಂಟಾರ್ಕ್ಟಿಕದ ಮೇಲೆ ಕಂಡ ತೂತು, 1985ರಲ್ಲಿ ಸುದ್ದಿಯಾದದ್ದು, ಫ್ರಿಜ್ಜು ಮತ್ತು ಸ್ಪ್ರೇ ಡಬ್ಬಿಗಳ ಕ್ಲೋರಿನ್ ಇರುವ ಅನಿಲಗಳ ಕೆಲಸ. 1987ರ ಮಾಂಟ್ರಿಯಲ್ ಒಪ್ಪಂದ ಅವಕ್ಕೆ ಕಡಿವಾಣ ಹಾಕಿತು.

ಜಾನ್ಸ್ಟನ್‌ಗಿಂತ ಒಂದು ವರ್ಷ ಮುಂಚೆ ಪಾಲ್ ಕ್ರುಟ್ಜೆನ್ ಹೇಳಿದ್ದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಓಜೋನ್ ಪದರದಲ್ಲಿ ನಾಕ್ಸ್ ಮೊದಲೇ ಇದೆ, ಅದರ ಮೂಲ ನೆಲ ಅಂತ ಅವರು ತೋರಿಸಿದರು. ಮಣ್ಣು, ಕಡಲಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಬಿಡುತ್ತವೆ. ದಂತವೈದ್ಯರು ನಗೆ ಅನಿಲ ಅಂತ ಕೊಡುವುದು ಇದನ್ನೇ. ಇದು ನಾಕ್ಸಿನ ಹಾಗೆ ಚುರುಕಲ್ಲ. ಕೆಳಗೆ ಯಾರ ತಂಟೆಗೂ ಹೋಗದೆ ನೂರು ವರ್ಷಕ್ಕೂ ಜಾಸ್ತಿ ಬದುಕುತ್ತದೆ, ನಿಧಾನ ಮೇಲೇರುತ್ತದೆ. ಪದರಕ್ಕೆ ಮುಟ್ಟಿದ ಮೇಲೆ ಅದರ ಒಂದು ಪಾಲು ಒಡೆದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಕೈಗಾರಿಕೆಗಳು ಬರುವ ಮುಂಚೆ ಗಾಳಿಯ ನೂರು ಕೋಟಿ ಕಣದಲ್ಲಿ ಸುಮಾರು 270 ಇದ್ದದ್ದು ಈಗ 335 ದಾಟಿದೆ. ಜಾಸ್ತಿಯಾದದ್ದರಲ್ಲಿ ದೊಡ್ಡ ಪಾಲು ಹೊಲ ತೋಟಗಳಿಗೆ ಹಾಕಿದ ಸಾರಜನಕ ಗೊಬ್ಬರ ಮತ್ತು ಹಟ್ಟಿಗೊಬ್ಬರದ್ದು. ಕ್ರುಟ್ಜೆನ್‌ರಿಗೆ 1995ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅಂದರೆ ಓಜೋನ್ ಪದರದ ನಾಕ್ಸಿನ ಜಾಡು ಹಿಡಿದು ಹೋದರೆ ನಿಮ್ಮ ತಲೆ ಮೇಲಿನ ವಿಮಾನಕ್ಕಿಂತ ಮೊದಲು ನಿಮ್ಮ ಕೊಟ್ಟಿಗೆಯ ಯೂರಿಯಾ ಚೀಲ ಸಿಗುತ್ತದೆ. ಇದು ನಿಮ್ಮೊಬ್ಬರ ತಪ್ಪು ಅಂತ ಹೇಳುತ್ತಿಲ್ಲ. ಅನ್ನ ಉಣ್ಣುವ ಎಲ್ಲರದ್ದೂ.

ಗೊಬ್ಬರದ ಮಾತು ಬಂತು, ತಂದೆಯವರ ಮಾತನ್ನೂ ನೋಡೋಣ. ಮಿಂಚಿನ ನಾಕ್ಸ್ ಕೊನೆಗೆ ನೈಟ್ರೇಟ್ ಆಗಿ ಮಳೆಯಲ್ಲಿ ಇಳಿಯುತ್ತದೆ, ಗಿಡ ಅದನ್ನು ಹೀರುತ್ತದೆ. ಇದು ಖಂಡಿತ ನಿಜ. ಎಷ್ಟು? ವರ್ಷದ 50 ಲಕ್ಷ ಟನ್ನನ್ನು ಇಡೀ ಭೂಮಿಯ ಮೇಲೆ ಹರಡಿದರೆ ಒಂದು ಹೆಕ್ಟೇರಿಗೆ ಸುಮಾರು 100 ಗ್ರಾಂ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯವರು ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಹೇಳುವುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಅಂದರೆ ಎರಡೂವರೆ ಎಕರೆಯ ಮಿಂಚು ಒಂದೇ ಮರಕ್ಕೆ ಸಾಕು. ಹೆಕ್ಟೇರಿನಲ್ಲಿ ಮರ ಸಾವಿರದ ಮುನ್ನೂರು ಇರುತ್ತವೆ! ನಮ್ಮ ಕಡೆ ಮಿಂಚು ಸರಾಸರಿಗಿಂತ ಜಾಸ್ತಿ. ಹತ್ತು ಪಟ್ಟು ಅಂತಲೇ ಹಿಡಿಯಿರಿ, ಹತ್ತು ಮರಕ್ಕಾಯಿತು. ಮೊದಲ ಮಳೆಗೆ ತೋಟ ಎದ್ದು ನಿಲ್ಲುವುದು ಮುಖ್ಯವಾಗಿ ನೀರಿನಿಂದ, ಒದ್ದೆಯಾದ ಮಣ್ಣಿನಲ್ಲಿ ಜೀವಿಗಳು ಎಚ್ಚೆತ್ತು ಬಿಡುವ ಸಾರಜನಕದಿಂದ.

ಬಿಳಿ ಗೆರೆಗಳ ಬಗ್ಗೆಯೂ ಕೇಳಿದ್ದೀರಿ. ಅವು ನಾಕ್ಸ್ ಅಲ್ಲ. ನಾಕ್ಸ್ ಆ ಎತ್ತರದಲ್ಲಿ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ಇಂಧನ ಉರಿದಾಗ ಒಂದು ಕಿಲೋಗೆ ಒಂದೂಕಾಲು ಕಿಲೋ ನೀರಾವಿ ಹುಟ್ಟುತ್ತದೆ, ಅದು ಹೆಪ್ಪುಗಟ್ಟಿ ಗೆರೆಯಾಗುತ್ತದೆ. ಅದಕ್ಕೆ ಮೈನಸ್ 40 ಡಿಗ್ರಿಯ ಹತ್ತಿರದ ಚಳಿ ಬೇಕು. ಚಳಿ ದೇಶಗಳಲ್ಲಿ ಎಂಟು ಒಂಬತ್ತು ಕಿಲೋಮೀಟರಿಗೇ ಅದು ಸಿಗುತ್ತದೆ, ನಮ್ಮಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ದಾಟಬೇಕು. ಮಂಗಳೂರಿಗೆ, ಕಣ್ಣೂರಿಗೆ ಇಳಿಯುತ್ತಿರುವ ವಿಮಾನ ಗೆರೆ ಎಳೆಯುವುದಿಲ್ಲ. ನಿಮಗೆ ಕಾಣುವುದು ಇಲ್ಲಿ ಇಳಿಯದೆ ಎತ್ತರದಲ್ಲೇ ದಾಟಿಹೋಗುವ ವಿಮಾನಗಳ ಗೆರೆಗಳು.

ಕಾಗದದ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು. "ಮೇಲಿಂದ ಏನೋ ಬೀಳುತ್ತದೆ ಅಂದರೆ ನಮ್ಮೂರಿನವರು ನಗುವುದಿಲ್ಲ." ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. 1978ರಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳ ಸಾಲಿನಲ್ಲಿ ನಿಮ್ಮ ಪಂಚಾಯತ್ ಕೂಡ ಇದೆ. ಆಗಲೂ ಜನ ಅನುಮಾನ ಪಟ್ಟಾಗ ಏನೂ ಆಗುವುದಿಲ್ಲ ಅಂತಲೇ ಹೇಳಿದ್ದರು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಎರಡರ ನಡೆ ಬೇರೆ. ಅದು ಮರದ ತಲೆಯ ಮೇಲೇ ಸುರಿದ ವಿಷ, ನೇರ ಬಾವಿಗೆ, ತೋಡಿಗೆ, ಮನೆಗೆ ಬಂತು. ಹತ್ತು ಕಿಲೋಮೀಟರ್ ಮೇಲೆ ಬಿಟ್ಟ ನಾಕ್ಸ್ ಪೆರ್ಲದಲ್ಲೇ ಇಳಿಯುವುದಿಲ್ಲ. ಗಾಳಿ ಅದನ್ನು ವಾರದೊಳಗೆ ದೇಶ ದಾಟಿಸಿರುತ್ತದೆ.

ಹಾಗಾಗಿ ನಿಮ್ಮ ತೋಟದ ಹಳದಿಯನ್ನು ವಿಮಾನದ ಲೆಕ್ಕಕ್ಕೆ ಬರೆಯಬೇಡಿ. ಅಡಿಕೆ ಹಳದಿಯಾಗುವುದಕ್ಕೆ ಹಳದಿ ಎಲೆ ರೋಗ ಇದೆ, ಬೇರುಹುಳ ಇದೆ, ನೀರು ನಿಲ್ಲುವುದು, ಪೋಷಕಾಂಶದ ಕೊರತೆ ಇದೆ. ಎಲೆಚುಕ್ಕಿಯಾದರೆ ಅದು ಶಿಲೀಂಧ್ರ, ಅದರ ಮದ್ದೇ ಬೇರೆ. ಹಳದಿ ಕೆಳಗಿನ ಗರಿಯಿಂದ ಶುರುವಾಗಿದೆಯೋ ತುದಿಯಿಂದಲೋ ಅಂತ ನೀವು ಬರೆದಿಲ್ಲ. ಗರಿಯ ಒಂದು ತುಂಡು, ಬುಡದ ಮಣ್ಣು ಎರಡನ್ನೂ ತೆಗೆದುಕೊಂಡು ಕೂಡ್ಲಿನ ಸಿಪಿಸಿಆರ್‌ಐಗೆ ಒಮ್ಮೆ ಹೋಗಿ ಬನ್ನಿ. ಮಣ್ಣಿನ ವರದಿ ಬರುವವರೆಗೆ ಯೂರಿಯಾ ಹಾಕುವುದು ಬೇಡ. ಹಾಕುವಾಗಲೂ ಒಮ್ಮೆಲೇ ಸುರಿಯದೆ ಮೇ-ಜೂನಿನಲ್ಲಿ ಒಂದು ಕಂತು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು ಕಂತು ಮಾಡಿ. ಅಳಿಯನಿಗೆ ಈ ಪುಟದ ಫೋಟೋ ವಾಟ್ಸಾಪ್ ಮಾಡಿ. ಅವರು ಉತ್ತರ ಬರೆದರೆ ಅದನ್ನೂ ಹಾಕುತ್ತೇವೆ.

— ಸಂಪಾದಕ